ಉಡಿ ತುಂಬಿಸಿಕೊಂಡು ಬಂದ ಕಪ್ಪೆ

೧೯೯೬ರಲ್ಲಿ ನಾನು ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟೆ. ಕಪ್ಪೆಯ ಪಾಠ ಎಂಟನೆಯದರಲ್ಲಿ ಇತ್ತಂತೆ!

ಈ ಸಂಗತಿ ನನಗೆ ತಿಳಿದದ್ದು ಮೊನ್ನೆ ಮೊನ್ನೆ. ಅಲ್ಲಿಯವರೆಗೆ ಎಂಟನೆಯ ತರಗತಿ ಇಲ್ಲದೆ ನನ್ನ ಬಾಳಿನಲ್ಲಿ ಏನೋ ಕೊರತೆಯಾಗಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಶಾಲೆ ಬಿಟ್ಟ ಮರುದಿನದಿಂದಲೇ ದುಡಿದವನು ನಾನು. ಕಬ್ಬು ಕಡಿದೆ, ಪೈಪು ಹೊತ್ತೆ, ಬೋರ್ ಕೊರೆಯುವ ಗಾಡಿಯ ಮೇಲೆ ಮಲಗಿ ಊರೂರು ತಿರುಗಿದೆ. ಕಡೆಗೆ ರಾಯಬಾಗದಲ್ಲಿ ಮನೆಯ ಮುಂದಿನ ಜಾಗದಲ್ಲೇ ಕುಡಿಯುವ ನೀರಿನ ಪ್ಲಾಂಟ್ ಹಾಕಿದೆ. ನಮ್ಮ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನೆಲವೆಲ್ಲ ಸವಳಾಗಿದೆ. ಬೋರಿನ ನೀರು ಬಾಯಿಗಿಟ್ಟರೆ ಉಪ್ಪು. ಅದನ್ನು ಮಿಷನ್ನಿನಲ್ಲಿ ಸೋಸಿ, ನೀಲಿ ಜಾರಿಗೆ ತುಂಬಿ, ಬಾಯಿಗೆ ಸೀಲ್ ಹೊಡೆದು ಮನೆಮನೆಗೆ ಮುಟ್ಟಿಸುವುದು ನನ್ನ ಉದ್ಯೋಗ. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತಾರೆ. ನಾನು ನೀರಿನ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇಟ್ಟುಕೊಳ್ಳುತ್ತೇನೆ. ಬೀಗರ ಮನೆಗೆ ಹೋದರೂ ಅವರು ಕೊಟ್ಟ ತಂಬಿಗೆಗೆ ಮೊದಲು ಮೀಟರ್ ಅದ್ದಿ ನೋಡಿ, ಆಮೇಲೆ ಕ್ಷೇಮ ಸಮಾಚಾರ ಕೇಳುವುದು ನನ್ನ ರೂಢಿ.

ನನ್ನ ಪ್ಲಾಂಟಿಗೆ ಎರಡೇ ಕಾಯ್ದೆ. ಒಂದು ಗುಟುಕು ಕಡಿಮೆ ಇರುವ ಜಾರ್ ಹೊರಗೆ ಹೋಗಕೂಡದು. ಸೀಲ್ ಇಲ್ಲದ ಜಾರ್ ಹೊರಗೆ ಹೋಗಕೂಡದು. ಕಾಯ್ದೆ ಮಾಡಿದವನು ನಾನೇ. ಅದರಲ್ಲಿ ಸಿಕ್ಕಿಬಿದ್ದವನೂ ನಾನೇ!

ನಮಗೆ ಒಬ್ಬಳೇ ಮಗಳು, ಅಶ್ವಿನಿ. ಚಿಕ್ಕೋಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಾಳೆ. ಒಂದು ಭಾನುವಾರ ಊರಿಗೆ ಬಂದವಳ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಗಾಜಿನಂಥ ಮೈಯ, ಎರಡು ಮೀಸೆಯ, ಉದ್ದ ಬಾಲದ ಒಂದು ಮರಿ ತಲೆ ಕೆಳಗಾಗಿ ತೂಗುತ್ತಿತ್ತು. ಅವಳ ಗೆಳತಿಯ ಮನೆಯಲ್ಲಿ ಸಾಕಿದ ಕಪ್ಪೆ ಮೊಟ್ಟೆ ಇಟ್ಟಿತ್ತಂತೆ, ಅದರಲ್ಲಿ ಇದೊಂದು. ನಮ್ಮ ಹೊಲದ ಕಪ್ಪೆಯಲ್ಲ. ಹುಟ್ಟಿನಿಂದ ಸಾಯುವವರೆಗೆ ನೀರಿನಲ್ಲೇ ಇರುವ, ದಂಡೆಗೆ ಬರುವುದೇ ಗೊತ್ತಿಲ್ಲದ ಪರದೇಶದ ಜಾತಿ. ಹೆಸರನ್ನೂ ಇಟ್ಟುಕೊಂಡೇ ಬಂದಿದ್ದಳು: ಮೋತಿ.

"ಅಪ್ಪಾ, ಹಾಸ್ಟೆಲಿನ್ಯಾಗ ಇದನ್ನ ಇಟ್ಕೊಳ್ಳಾಕ ಬಿಡಂಗಿಲ್ಲ. ನಿನ್ನ ಕೈಯಾಗ ಕೊಡಾಕತ್ತೀನಿ. ಅವ್ವನ ಕೈಯಾಗ ಕೊಟ್ರ ಗಟಾರಕ್ಕ ಒಗಿತಾಳ."

"ಒಗಿತೀನ ಮತ್ತ!" ಒಳಗಿನಿಂದ ನನ್ನ ಹೆಂಡತಿ ಸುವರ್ಣಾಳ ದನಿ ಬಂತು. "ಮಂದಿ ಮಕ್ಕಳು ಹಾಸ್ಟೆಲಿಂದ ಬರುವಾಗ ಮಾರ್ಕ್ಸ್ ಕಾರ್ಡ್ ತರ್ತಾರ. ಇಕಿ ಕಪ್ಪಿ ತಂದಾಳ!"

"ನೀ ಚಿಂತಿ ಮಾಡಬ್ಯಾಡ ಪುಟ್ಟಿ," ಎಂದೆ ನಾನು ಎದೆಯುಬ್ಬಿಸಿ. "ನೀರಾಗಿನ ಜೀವ ನೀರಿನವನ ಮನಿಗೇ ಬಂದೈತಿ."

"ಅದ ನನ್ನ ಅಂಜಿಕಿ," ಎಂದಳು ಅಶ್ವಿನಿ. "ಪ್ಲಾಂಟಿನ ನೀರು ಹಾಕಬ್ಯಾಡ. ಎಮ್ಮಿ ಹೌದದಾಗಿನ ಹಸಿರು ನೀರು ಹಾಕು. ಇದು ಸತ್ತರ ನಾ ನಿನ್ನ ಕೂಡ ಮಾತ ಬಿಡಾಕಿ, ನೋಡು."

ನಕ್ಕು ಹೇಳಿದಳು. ಆದರೆ ಬಸ್ ಹತ್ತುವಾಗ ಎರಡು ಸಲ ಹಿಂತಿರುಗಿ ಚೀಲದ ಕಡೆ ನೋಡಿದಳು. ನನ್ನ ಕಡೆ ಒಂದೇ ಸಲ!

ಈಗ ನೀವೇ ಹೇಳಿ. ಮಗಳು ನಂಬಿ ಕೊಟ್ಟ ಜೀವ, ನನ್ನ ಮನೆಗೆ ಬಂದ ಅತಿಥಿ. ಅದಕ್ಕೆ ಎಮ್ಮೆ ಕುಡಿದು ಬಿಟ್ಟ, ಪಾಚಿ ಕಟ್ಟಿದ ಹೌದದ, ಅಂದರೆ ಕಲ್ಲುತೊಟ್ಟಿಯ, ನೀರೇ? ಮಗಳ ಬಸ್ಸು ತಿರುವು ದಾಟುವ ಮೊದಲೇ ಮೋತಿಯನ್ನು ನನ್ನ ಪ್ಲಾಂಟಿನ ಅಚ್ಚ ಶುದ್ಧ ನೀರಿಗೆ ಬಿಟ್ಟೆ. ಮೀಟರ್ ಅದ್ದಿದೆ. ಕಲೆಕ್ಟರರೂ ಕುಡಿಯಬಹುದಾದ ನೀರು.

ಎರಡು ದಿನಕ್ಕೆ ಮೋತಿ ಓರೆಯಾಯಿತು. ಮೂರನೆಯ ದಿನ ತಳಕ್ಕೆ ಹತ್ತಿತು. ನಾನು ಮತ್ತೆ ಮೀಟರ್ ಅದ್ದಿದೆ. ನೀರು ಫಸ್ಟ್ ಕ್ಲಾಸ್ ಇತ್ತು. ಮರಿ ಮಾತ್ರ ಫೇಲ್ ಆಗುವ ಹಾದಿಯಲ್ಲಿತ್ತು!

ಗಟಾರಕ್ಕೆ ಒಗೆಯುತ್ತೇನೆ ಎಂದವಳೇ ಬಂದು ಬಗ್ಗಿ ನೋಡಿದಳು.

"ಏನ್ರಿ, ಇದು ಹಸದೈತಿ. ನಿಮ್ಮ ನೀರಾಗ ತಿನ್ನಾಕ ಏನೈತಿ?"

"ಏನೂ ಇಲ್ಲ! ಅದ ನನ್ನ ನೀರಿನ ಹೆಚ್ಚುಗಾರಿಕಿ."

"ಏನೂ ಇಲ್ಲ ಅನ್ನೋದನ್ನ ಊರ ತುಂಬ ಮಾರ್ತೀರಿ, ಅದು ಮನಷ್ಯಾರಿಗೆ ಆತು. ಈ ಕೂಸಿಗೆ ಯಾಕ?" ಎನ್ನುತ್ತ ಸೌಟಿನಿಂದ ಮೋತಿಯನ್ನು ಎತ್ತಿ, ಹೌದದ ಹಸಿರು ನೀರು ತುಂಬಿದ ಬಕೆಟ್ಟಿಗೆ ಬಿಟ್ಟಳು.

ಸಂಜೆಗೆ ಮೋತಿ ಎದ್ದಿತು. ಬಾಲ ನಡುಗಿಸುತ್ತ, ಬಾಯಿ ತೆರೆದು ಮುಚ್ಚಿ ಪಾಚಿ ನುಂಗುತ್ತ, ಹಬ್ಬದ ಮನೆಗೆ ಬಂದಂತೆ ತೂಗತೊಡಗಿತು. ನನಗೆ ಹೋದ ಜೀವ ಬಂದಂತಾಯಿತು. ಮಾನ ಮಾತ್ರ ಹೋಯಿತು. ಯಾಕೆಂದರೆ ಈ ಪವಾಡವನ್ನು ಕಂಪೌಂಡಿನ ಆಚೆಯಿಂದ ನೇಮಣ್ಣ ನೋಡಿದ್ದರು.

ನೇಮಣ್ಣ ನಮ್ಮ ನೆರೆಮನೆಯ ಹಿರಿಯರು, ಜೈನರು. ನೀರಿನ ವಿಷಯದಲ್ಲಿ ನನಗಿಂತ ಹೆಚ್ಚು ಶಿಸ್ತು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವವಿದ್ದರೂ ಅದಕ್ಕೆ ನೋವಾಗಬಾರದು ಎಂದು, ನಾನು ಸೀಲ್ ಹೊಡೆದು ಕೊಟ್ಟ ಜಾರಿನ ನೀರನ್ನೂ ಮಡಿಸಿದ ಬಟ್ಟೆಯಲ್ಲಿ ಸೋಸಿಯೇ ಕುಡಿಯುವವರು. ಅವರು ಕೇಡು ಬಯಸುವವರಲ್ಲ. ಕಂಡದ್ದನ್ನು ಕಂಡಂತೆ ಹೇಳುವವರು. ಅದು ಇನ್ನೂ ಕಷ್ಟ! ಮರುದಿನ ಚಹಾದಂಗಡಿಯಲ್ಲಿ ಒಬ್ಬ ನನ್ನನ್ನು ನೋಡಿ ಕೇಳಿಯೇಬಿಟ್ಟ: "ರಾವಸಾಬ, ಕಪ್ಪಿಮರಿ ಬದುಕದ ನೀರಾಗ ನಾವು ಹೆಂಗ ಬದುಕೇವಿ ಅಂತೀನಿ!"

ಉದ್ಯೋಗದ ಹೆಸರಿಗೆ ಬಂದ ಕಳಂಕವನ್ನು ಉದ್ಯೋಗದಿಂದಲೇ ತೊಳೆಯಬೇಕು ಎಂದು ನಿಶ್ಚಯಿಸಿದೆ. ಅರ್ಧ ಹೌದದ ನೀರು, ಅರ್ಧ ನನ್ನ ನೀರು ಕೂಡಿಸಿ, ಅದರಲ್ಲಿ ಮೋತಿಯನ್ನು ಬಿಟ್ಟು ಪ್ಲಾಂಟಿನ ಮುಂದೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಏಳನೆಯ ತರಗತಿಯವರೆಗೆ ತಿದ್ದಿದ ನನ್ನ ದುಂಡನೆಯ ಅಕ್ಷರದಲ್ಲಿ ಒಂದು ಬೋರ್ಡನ್ನೂ ಬರೆದು ತೂಗುಹಾಕಿದೆ: "ನಮ್ಮ ನೀರಿನಲ್ಲಿ ಜೀವ ಇದೆ."

ಮರುದಿನ ಬೆಳಿಗ್ಗೆ ನೇಮಣ್ಣ ಎರಡೂ ಕೈಯಲ್ಲಿ ಖಾಲಿ ಜಾರ್ ಹಿಡಿದುಕೊಂಡು ಬಂದು ನನ್ನ ಮುಂದಿಟ್ಟರು.

"ರಾವಸಾಬ, ಸಿಟ್ಟಾಗಬ್ಯಾಡಪಾ. ಜೀವ ಇಲ್ಲ ಅಂತ ನಿನ್ನ ನೀರು ತಗೋತಿದ್ನಿ. ಜೀವ ಐತಿ ಅಂತ ಈಗ ನೀನ ಬರದೀ."

"ಅಣ್ಣಾರ, ಅದು ಹಂಗಲ್ಲರಿ! ಕಪ್ಪಿ ಬದುಕತೈತಿ ಅಂತ ತೋರ್ಸಾಕ..."

"ಕಪ್ಪಿ ಬದುಕ್ಲಿ. ಹಾಯಾಗಿ ಬದುಕ್ಲಿ. ಅದು ಇರೋ ನೀರು ನಾವು ಕುಡದ್ರ ಅದು ಎಲ್ಲಿ ಬದುಕಬೇಕು?"

ಮಧ್ಯಾಹ್ನದ ಹೊತ್ತಿಗೆ ಬಸದಿ ಓಣಿಯ ಜಾರುಗಳೆಲ್ಲ ತವರಿಗೆ ಬಂದ ಹೆಣ್ಣುಮಕ್ಕಳಂತೆ ನನ್ನ ಅಂಗಳದಲ್ಲಿ ಸಾಲಾಗಿ ಕುಳಿತಿದ್ದವು. ಹಿಂದಿನ ಓಣಿಯ ಒಬ್ಬ ಅಕ್ಕ ಮಾತ್ರ ನಿಂತು ಬೋರ್ಡನ್ನು ಓದಿ, ಮೋತಿಯನ್ನು ನೋಡಿ, ಬಹಳ ವಿಚಾರ ಮಾಡಿ ಕೇಳಿದಳು: "ಎಲ್ಲಾ ಜಾರಿನ್ಯಾಗೂ ಒಂದೊಂದು ಬರ್ತೈತೇನ್ರಿ? ಇಲ್ಲಾ ಬೇಕಂದವರಿಗಷ್ಟ?"

ಬೋರ್ಡ್ ಇಳಿಸಿದೆ. ಮೋತಿಯನ್ನು ಮನೆಯೊಳಗೆ ಒಂದು ಅಗಲ ಬಾಯಿಯ ಗಾಜಿನ ತೊಟ್ಟಿಗೆ ಸೇರಿಸಿದೆ. ಇನ್ನು ಮೇಲೆ ಇದು ಖಾಸಗಿ ವಿಷಯ ಎಂದು ಸಾರಿದೆ.

ಖಾಸಗಿಯಲ್ಲೂ ನನಗೆ ಸುಖವಿರಲಿಲ್ಲ. ಹಿಂದಿನ ಕಾಲು ಬಂದವು, ಮುಂದಿನ ಕೈ ಬಂದವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಒಂದು ಮುಂಜಾನೆ ನೋಡುತ್ತೇನೆ, ಬಾಲ ಮೊಂಡಾಗಿದೆ! ಎರಡು ದಿನ ಬಿಟ್ಟು ನೋಡಿದರೆ ಪೂರ್ತಿ ಇಲ್ಲ. ಮಗಳು ಬಾಲ ಸಮೇತ ಕೊಟ್ಟಿದ್ದಳು. ನಾಳೆ ಬಂದು ಬಾಲ ಎಲ್ಲಿ ಎಂದು ಕೇಳಿದರೆ?

"ಉದುರಿರಬೇಕ್ರಿ," ಎಂದಳು ಸುವರ್ಣಾ. "ಹಲ್ಲಿ ಬಾಲ ಉದುರಂಗಿಲ್ಲೇನು?"

ಗಂಡ ಹೆಂಡತಿ ಕೂಡಿ ತೊಟ್ಟಿಯ ನೀರನ್ನೆಲ್ಲ ಹಿಟ್ಟಿನ ಜರಡಿಯಲ್ಲಿ ಸೋಸಿದೆವು. ಪಾಚಿ ಸಿಕ್ಕಿತು. ಅವಳ ಕಳೆದುಹೋದ ಕಿವಿಯೋಲೆಯ ತಿರುಪು ಸಿಕ್ಕಿತು. ಬಾಲ ಸಿಗಲಿಲ್ಲ. ಕಡೆಗೆ ಮಗಳಿಗೆ ಫೋನ್ ಮಾಡಿದೆ.

"ಪುಟ್ಟೀ, ಗಾಬರಿ ಆಗಬ್ಯಾಡ. ಮೋತಿ ಆರಾಮ ಐತಿ. ಬಾಲ ಒಂದು ಕಳದೈತಿ. ಹುಡುಕಾಕತ್ತೀವಿ."

ಆ ಕಡೆಯಿಂದ ಇಡೀ ಹಾಸ್ಟೆಲ್ ನಕ್ಕ ಸಪ್ಪಳ ಕೇಳಿತು.

"ಅಪ್ಪಾ, ಬಾಲ ಉದುರಂಗಿಲ್ಲ. ಅದರ ಮೈಯಾಗ ಕರಗಿ ಹೋಗ್ತೈತಿ. ಎಂಟನೇತ್ತೆ ಪಾಠದಾಗ ಐತಿ!"

ಒಂದೇ ವರ್ಷದ ಅಂತರದಲ್ಲಿ ಆ ಪಾಠ ನನಗೆ ತಪ್ಪಿಹೋಗಿತ್ತು. ಶಾಲೆ ಬಿಟ್ಟವನಿಗೆ ಇಂಥ ಶಿಕ್ಷೆ ಉಂಟೇ?

ಅದೇ ಫೋನಿನಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ಇನ್ನು ಮುಂದೆ ಮೋತಿ ನೀರಿನಲ್ಲಿದ್ದರೂ ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ತೊಟ್ಟಿಯನ್ನು ತುಂಬಿ ತುಳುಕಿಸಬೇಡ, ಮೇಲೆ ಜಾಗ ಬಿಡು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಈಗ ಮೋತಿ ಪೂರ್ತಿ ಕಪ್ಪೆ. ಬೆಳ್ಳಗಿನ ಮೈ, ಕೆಂಪು ಕಣ್ಣು, ಹೆಬ್ಬೆರಳಿನಷ್ಟು ಗಾತ್ರ. ಅದಕ್ಕೆ ನಾಲಿಗೆ ಇಲ್ಲ. ಎರೆಹುಳವನ್ನು ಎರಡೂ ಕೈಯಿಂದ ಬಾಯಿಗೆ ತುರುಕಿಕೊಳ್ಳುತ್ತದೆ, ಥೇಟು ಮದುವೆ ಊಟದಲ್ಲಿ ನಮ್ಮ ಪೈಕಿಯವರ ಹಾಗೆ. ದಿನಾ ಬೆಳಿಗ್ಗೆ ನಾನು ಕಬ್ಬಿನ ಬದುವಿನಲ್ಲಿ ಎರೆಹುಳ ಅಗೆಯುವುದು, ಸುವರ್ಣಾ ಅದನ್ನು ತೊಳೆದು ತಿನ್ನಿಸುವುದು. "ನನ್ನ ಬಂಗಾರಾ, ಉಂಡ್ಯಾ?" ಎನ್ನುವಳು. ನನ್ನನ್ನು ಹಾಗೆ ಕೇಳಿ ಬಹಳ ವರ್ಷವಾಗಿದೆ.

ಪರೀಕ್ಷೆ ಮುಗಿಸಿ ಅಶ್ವಿನಿ ಬರುವ ದಿನ ಬಂತು. ಮೋತಿಯನ್ನು ಕಪ್ಪೆಯ ರೂಪದಲ್ಲಿ ಅವಳು ನೋಡುವುದು ಅದೇ ಮೊದಲು. ತೊಟ್ಟಿ ಕನ್ನಡಿಯಂತೆ ಹೊಳೆಯಬೇಕು ಎಂದುಕೊಂಡೆ. ಮೋತಿಯನ್ನು ಒಂದು ಖಾಲಿ ಜಾರಿನಲ್ಲಿ ಅರ್ಧ ಹೌದದ ನೀರು ಹಾಕಿ ಬಿಟ್ಟು, ಪ್ಲಾಂಟಿನ ಕಟ್ಟೆಯ ಮೇಲೆ ನೆರಳಿಗೆ ಇಟ್ಟೆ. ತೊಟ್ಟಿಯನ್ನು ಬೂದಿ ಹಚ್ಚಿ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದೆ.

ಅಷ್ಟರಲ್ಲಿ ಅಲಖನೂರದಿಂದ ಶಿವಗೌಡರ ಫೋನ್. ಸೊಸೆ ಹಡೆದಿದ್ದಾಳೆ, ಇವತ್ತು ಗಂಗವ್ವನ ಪೂಜೆ, ಊಟಕ್ಕೆ ಮಂದಿ ಬರುತ್ತಾರೆ, ಇಪ್ಪತ್ತು ಜಾರ್ ಈಗಿಂದೀಗ ಬೇಕು. ಬಸದಿ ಓಣಿ ಕೈಬಿಟ್ಟ ಮೇಲೆ ಬಂದ ದೊಡ್ಡ ಆರ್ಡರ್ ಅದು. ನಾನು ಸೊಂಟ ಕಟ್ಟಿದೆ.

ಕೆಲಸಕ್ಕೆ ನಿಂತರೆ ನನ್ನ ಕೈಗೆ ಕಣ್ಣು ಬೇಕಿಲ್ಲ. ಇದು ನನ್ನ ಹೆಮ್ಮೆ. ನಳ ತಿರುವುವುದು, ತುಂಬುವುದು, ಮುಚ್ಚಳ ಒತ್ತುವುದು, ಸೀಲ್ ಹೊಡೆಯುವುದು, ಗಾಡಿಗೆ ಏರಿಸುವುದು. ಬಾಯಿ ಫೋನಿನಲ್ಲಿ ಮಾತಾಡುತ್ತಿರುತ್ತದೆ, ಕೈ ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ಸಾಲಿನ ಕೊನೆಯಲ್ಲಿ ಒಂದು ಜಾರ್ ಅರ್ಧಕ್ಕೇ ನಿಂತಿತ್ತು.

"ಯಾವ ಶಾಣ್ಯಾ ಇದನ್ನ ಅರ್ಧಕ್ಕ ಬಿಟ್ಟಾನ?" ಎಂದು ಗುಡುಗಿದೆ. ಪ್ಲಾಂಟಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೊರಳವರೆಗೆ ತುಂಬಿದೆ. ಮುಚ್ಚಳ ಒತ್ತಿದೆ. ಸೀಲ್ ಹೊಡೆದೆ. ಏರಿಸಿದೆ. ನೀಲಿ ಜಾರಿನಲ್ಲಿ ನೀರಿನ ಹಸಿರು ಕಾಣುವುದಿಲ್ಲ. ಕಪ್ಪೆಯೂ!

ಅಲಖನೂರಕ್ಕೆ ಹೋಗಿ ಜಾರ್ ಇಳಿಸಿ, ಶಿವಗೌಡರಿಂದ "ಕೆಲಸ ಅಂದ್ರ ರಾವಸಾಬಂದ ನೋಡ್ರಿ" ಎಂಬ ಪ್ರಶಸ್ತಿ ಪಡೆದು ಮನೆಗೆ ಬಂದೆ. ಸುವರ್ಣಾ ಹೊಳೆಯುವ ತೊಟ್ಟಿಯ ಮುಂದೆ ಎರೆಹುಳದ ಬಟ್ಟಲು ಹಿಡಿದು ನಿಂತಿದ್ದಳು.

"ಏನ್ರಿ, ಮೋತಿ ಎಲ್ಲಿ?"

"ಕಟ್ಟಿ ಮ್ಯಾಲ, ಜಾರಿನ್ಯಾಗ ಐತಿ."

"ಕಟ್ಟಿ ಮ್ಯಾಲ ಜಾರ್ ಎಲ್ಲೈತಿ?"

ನಾನು ಕಟ್ಟೆಯನ್ನು ನೋಡಿದೆ. ಸುವರ್ಣಾಳನ್ನು ನೋಡಿದೆ. ಗಾಡಿಯನ್ನು ನೋಡಿದೆ. ಅರ್ಧಕ್ಕೆ ಬಿಟ್ಟ ಆ ಶಾಣ್ಯಾ ಯಾರೆಂದು ಆಗ ಗೊತ್ತಾಯಿತು.

ಅದೇ ಗಳಿಗೆಗೆ ಫೋನ್. "ಅಪ್ಪಾ, ಬಸ್ ಹತ್ತೀನಿ. ಮೋತಿ ಎಚ್ಚರ ಐತಿಲ್ಲ?"

"ತಿರಗಾಡಾಕ ಹೋಗೈತಿ" ಎಂದು ಬಾಯಿ ತನಕ ಬಂದದ್ದನ್ನು ನುಂಗಿ, "ಐತಿ, ಐತಿ" ಎಂದು ಇಟ್ಟುಬಿಟ್ಟೆ.

ಮೋಟಾರ್ ಸೈಕಲ್ ತೆಗೆದೆ. ಸುವರ್ಣಾ ಬಟ್ಟಲು ಸಮೇತ ಹಿಂದೆ ಹತ್ತಿದಳು.

"ಜಾರಿನ ಮ್ಯಾಲ ಗಾಳಿಗೆ ಜಾಗ ಎಷ್ಟ ಬಿಟ್ಟೀರಿ?"

"ಬಿಟ್ಟಿಲ್ಲ. ಕೊರಳಾಗ ಎರಡ ಬಳ್ಳ ಇದ್ದೀತು. ನನ್ನ ಪ್ಲಾಂಟಿನ ಕಾಯ್ದೆ..."

"ನಿಮ್ಮ ಕಾಯ್ದೆಗೆ ಬೆಂಕಿ ಹತ್ತಲಿ! ಮುಚ್ಚಳಾ?"

"ಸೀಲ್ ಹೊಡದೀನಿ."

ಅಲಖನೂರ ಮುಟ್ಟುವ ತನಕ ಅವಳು ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಎರಡು ಬೆರಳಿನಷ್ಟು ಗಾಳಿ. ಅದನ್ನೇ ಕುಡಿಯುತ್ತ ಕತ್ತಲ ಕೊರಳಿನಲ್ಲಿ ಮೂಗು ಮೇಲೆ ಮಾಡಿ ನಿಂತಿರುವ ಮೋತಿ ನನ್ನ ಕಣ್ಣಿಗೆ ಕಟ್ಟಿತು. ಇಲ್ಲದಿದ್ದರೆ, ಯಾವುದೋ ಮಗುವಿನ ಲೋಟಕ್ಕೆ ಜಾರುತ್ತಿರುವ ಮೋತಿ. ಯಾವುದು ಆದರೂ ನನಗೆ ಊರಲ್ಲಿ ಉದ್ಯೋಗವಿಲ್ಲ, ಮನೆಯಲ್ಲಿ ಮಗಳಿಲ್ಲ.

ಶಿವಗೌಡರ ಮನೆಯ ಮುಂದೆ ಮಂಟಪ, ಮಂದಿ. ನಿಮ್ಮ ನೀರಿನಲ್ಲಿ ನನ್ನ ಕಪ್ಪೆ ಇದೆ ಎಂದು ಬಾಗಿಲಲ್ಲೇ ಹೇಳುವುದು ಹೇಗೆ? ಮೀಟರ್ ಹೊರಗೆ ತೆಗೆದೆ. "ಒಂದು ಸಲ ನೀರಿನ ತಪಾಸಣಿ ಮಾಡೋದೈತ್ರಿ. ನಮ್ಮ ಪದ್ಧತಿ," ಎಂದು ಗಂಭೀರವಾಗಿ ಒಳಗೆ ನುಗ್ಗಿದೆ. ಜಾರಿನಿಂದ ಜಾರಿಗೆ ಮುಖ ಒತ್ತಿ, ಬ್ಯಾಟರಿ ಬಿಟ್ಟು ನೋಡಿದೆ. ಇಲ್ಲ. ಇಲ್ಲ. ಒಲೆಯ ಹತ್ತಿರ ಎರಡು ಜಾರ್ ಖಾಲಿ ಬಿದ್ದಿದ್ದವು! ಆ ನೀರು ಅನ್ನದ ಹಂಡೆಗೆ ಹೋಗಿ ಕುದಿಯುತ್ತಿತ್ತು. ಅನ್ನವೂ ಬಿಳಿ, ಮೋತಿಯೂ ಬಿಳಿ. ಸೌಟು ಕಸಿದುಕೊಂಡು ಹಂಡೆಯ ತಳ ಕದಡಿದೆ.

"ಏನ ಹುಡುಕಾಕತ್ತೀರಿ ಸಾವಕಾರ್ರ?" ಅಡಿಗೆಯವನು ಕೇಳಿದ.

"ಉಪ್ಪು."

"ಅನ್ನಕ್ಕ ಇನ್ನೂ ಉಪ್ಪ ಹಾಕಿಲ್ಲರಿ."

"ಅದಕ್ಕ ಸಿಗವಲ್ದು!"

ಸಿಗದಿದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ಅಡಿಗೆಮನೆಯಲ್ಲಿ ನಾನೊಬ್ಬನೇ. ಎಣಿಸಿದೆ. ಹತ್ತೊಂಬತ್ತು ಜಾರ್. ಇಪ್ಪತ್ತನೆಯದು ಇಲ್ಲ!

"ಇನ್ನೊಂದು ಜಾರ್?"

"ಪೂಜಿಗೆ ಒಯ್ದಾರ್ರಿ. ಹಿತ್ತಲಾಗ."

ಬಾಣಂತಿ ಬಾವಿಗೆ ಹೋಗಿ ಗಂಗವ್ವನನ್ನು ಪೂಜಿಸಿ, ಒಂದು ಕೊಡ ನೀರು ತಂದ ಮೇಲೆಯೇ ಮತ್ತೆ ಮನೆಗೆಲಸಕ್ಕೆ ಕೈ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಆದರೆ ಶಿವಗೌಡರ ಬಾವಿ ಮುಚ್ಚಿ ಎಷ್ಟೋ ಕಾಲವಾಗಿದೆ, ಬೋರಿನ ನೀರು ಸವಳು. ಅವರ ತಾಯಿ ಕಾಶವ್ವ ಆಯಿ ಅದಕ್ಕೊಂದು ತೀರ್ಪು ಕೊಟ್ಟಿದ್ದರು: "ಕುಡಿಯೋ ನೀರು ಎಲ್ಲಿ ಇರ್ತೈತಿ, ಗಂಗವ್ವ ಅಲ್ಲೇ ಇರ್ತಾಳ." ಹೀಗಾಗಿ ಮುಚ್ಚಿದ ಬಾವಿಯ ಕಟ್ಟೆಯ ಮೇಲೆ ನನ್ನ ನೀಲಿ ಜಾರನ್ನೇ ಕೂರಿಸಿದ್ದರು. ಮೈತುಂಬ ಅರಿಷಿಣ ಕುಂಕುಮದ ಬೊಟ್ಟು, ಕೊರಳಿಗೆ ಮಲ್ಲಿಗೆ ಮಾಲೆ, ಹಸಿರು ಬಳೆ. ಸುತ್ತ ಹೆಂಗಸರು ಹಾಡುತ್ತಿದ್ದರು. ಬಾಣಂತಿ ಆರತಿ ತಟ್ಟೆ ಎತ್ತಿದಳು.

ದೀಪದ ಬೆಳಕು ಜಾರಿನ ಮೇಲೆ ಬಿತ್ತು. ಒಳಗಿನಿಂದ ಒಂದು ಬಿಳಿ ಕೈ, ಬೆರಳು ಅಗಲಿಸಿ, ಜಾರಿನ ಗೋಡೆಗೆ ಆತುಕೊಂಡಿತು. ಆಮೇಲೆ ಇನ್ನೊಂದು ಕೈ.

ಹಾಡು ನಿಂತಿತು. ಯಾರೋ ಚೀರಿದರು. ಆರತಿ ತಟ್ಟೆ ಠಣ್ ಎಂದು ಬಿತ್ತು. ಶಿವಗೌಡರು ಓಡಿಬಂದರು. ನಾನು ಸುವರ್ಣಾಳ ಹಿಂದೆ ಸರಿದೆ. ನನ್ನ ಪ್ಲಾಂಟ್, ನನ್ನ ಹೆಸರು, ನನ್ನ ಎರಡು ಕಾಯ್ದೆ, ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

"ಗಂಗವ್ವಾ!"

ಕಾಶವ್ವ ಆಯಿಯ ದನಿ. ಕಣ್ಣು ಬಿಟ್ಟೆ. ಆಯಿ ಜಾರಿನ ಮುಂದೆ ಎರಡೂ ಕೈ ಜೋಡಿಸಿ ನಿಂತಿದ್ದರು.

"ಯಾಕ ಒದರತೀರ್ಬೇ? ನಾ ಈ ಮನಿಗೆ ಬಂದು ಮೊದಲನೇ ಕೂಸು ಹಡದಾಗ ಇದ ಬಾವ್ಯಾಗ ಪೂಜಿ ಮಾಡಿದ್ನಿ. ಬಾವಿ ಮೆಟ್ಟಲ ಮ್ಯಾಲ ಕಪ್ಪಿ ಕುಂತಿತ್ತು. ಕಪ್ಪಿ ಇದ್ದ ನೀರು ಸೀ ನೀರು ಅಂತಿದ್ಲು ನಮ್ಮ ಅತ್ತಿ. ಬಾವಿ ಮುಚ್ಚಿದ ಮ್ಯಾಲ ಗಂಗವ್ವನ ಪೂಜ್ಯಾಗ ಕಪ್ಪಿ ಕಂಡಿದ್ದ ಇವತ್ತ!"

ಹೆಂಗಸರು ಒಬ್ಬೊಬ್ಬರಾಗಿ ಕೈ ಮುಗಿದರು. ಶಿವಗೌಡರು ಚಪ್ಪಲಿ ಬಿಟ್ಟರು. ನಾನು ಸುವರ್ಣಾಳ ಹಿಂದಿನಿಂದ ಮೆಲ್ಲಗೆ ಹೊರಗೆ ಬಂದೆ. ಬೆನ್ನು ನೆಟ್ಟಗಾಯಿತು. ನೋಡಿರಿ ಭಾಗ್ಯ! ಗಂಗವ್ವ ಸ್ವತಃ ರಾವಸಾಬನ ಜಾರಿನಲ್ಲಿ ಅವತರಿಸಿದಳು ಎಂಬ ಸುದ್ದಿ ಸಂಜೆಯೊಳಗೆ ಕುಡಚಿ ಸ್ಟೇಷನ್ ಮುಟ್ಟುತ್ತದೆ. ಬಸದಿ ಓಣಿ ಹೋದರೆ ಹೋಗಲಿ, ಇಡೀ ತಾಲೂಕು ನನ್ನದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಆಯಿ ಮುಷ್ಟಿಯಿಂದ ಸೀಲ್ ಒಡೆದು ಮುಚ್ಚಳ ತೆಗೆದರು. ಮೋತಿ ಪುಳಕ್ಕನೆ ಮೇಲೆ ಬಂದು ಗಾಳಿ ಕುಡಿಯಿತು. ನನ್ನ ಎದೆಯೊಳಗೂ ಅದೇ ಗಾಳಿ ಹೋಯಿತು! ಆದರೆ ಆಯಿಯ ಇನ್ನೊಂದು ಕೈಯಲ್ಲಿ ಹಿಡಿ ತುಂಬ ಅರಿಷಿಣ, ಕುಂಕುಮ.

"ಹಾಕಬ್ಯಾಡ್ರೀ!"

ಕೂಗಿದ್ದು ನಾನೇ.

"ಸತ್ತು ಹೋಗ್ತೈತ್ರಿ ಆಯಿ, ಅದಕ್ಕ ಅರಿಷಿಣ ತಾಳಂಗಿಲ್ಲ!"

"ಗಂಗವ್ವನ ಕಪ್ಪಿಗೆ ಅರಿಷಿಣ ತಾಳಂಗಿಲ್ಲೇನೋ ತಮ್ಮಾ?"

"ಗಂಗವ್ವಂದ ಅಲ್ಲರಿ ಅದು. ನನ್ನ ಮಗಳದು. ಮೋತಿ ಅಂತ ಹೆಸರು. ಈಗ ಆಕಿ ಬಸ್ಸಿನ್ಯಾಗ ಬರಾಕತ್ತಾಳ. ನಾ ತಪ್ಪಿ ಗಾಡಿಗೆ ಏರಿಸೀನ್ರಿ."

ಶಿವಗೌಡರು ಮತ್ತೆ ಚಪ್ಪಲಿ ಮೆಟ್ಟಿಕೊಂಡರು.

"ಅಂದ್ರ, ಕಪ್ಪಿ ಇದ್ದ ಜಾರಿನ್ಯಾಗ ನಮಗ ನೀರ ತುಂಬಿ ಕಳಿಸೀ?"

"ಹೌದ್ರಿ."

"ಸೀಲ್ ಹೊಡದು?"

"ಸೀಲ್ ಹೊಡದರಿ."

"ಪೂರ್ತಿ ತುಂಬಿ?"

"ಒಂದು ಗುಟುಕು ಕಡಿಮಿ ಇಲ್ಲರಿ!" ಎಂದೆ ರೂಢಿಯಂತೆ, ಹೆಮ್ಮೆಯಿಂದ.

ಸುವರ್ಣಾ ಹಣೆ ಹಣೆ ಬಡಿದುಕೊಂಡಳು. ಮೊದಲು ನಕ್ಕವರು ಕಾಶವ್ವ ಆಯಿ. ನಗುತ್ತ ನಗುತ್ತ ಬಾವಿಯ ಕಟ್ಟೆಗೆ ಕುಳಿತರು. ಬಾಣಂತಿ ನಕ್ಕಳು. ಆಮೇಲೆ ಹಿತ್ತಲೆಲ್ಲ ನಕ್ಕಿತು. ಶಿವಗೌಡರೊಬ್ಬರು ನಗಲಿಲ್ಲ. ಉಳಿದ ಜಾರುಗಳನ್ನೆಲ್ಲ ಒಂದೊಂದಾಗಿ ಮಂದಿಯ ಮುಂದೆ ನನ್ನಿಂದಲೇ ಬಿಚ್ಚಿಸಿ, ಹಂಡೆಗೆ ಸುರುವಿಸಿ ನೋಡಿದರು. ಕಪ್ಪೆ ಸಿಗಲಿಲ್ಲ. "ನೀರೇನೋ ಚಲೋ ಐತಿ," ಎಂದರು ಒಲ್ಲದ ಮನಸ್ಸಿನಿಂದ. ಪ್ಲಾಂಟ್ ಉಳಿಯಿತು!

ಜಾರ್ ಎತ್ತಿಕೊಂಡು ಹೊರಟೆವು. ಆಯಿ ಅಡ್ಡಗಟ್ಟಿದರು.

"ಹಂಗ ಹೊಂಟೀರಾ? ಮಗಳ ಕಪ್ಪಿ ಅಂದ್ರ ಹೆಣ್ಣಮಗಳ ಆತು. ಪೂಜಿ ದಿನ ಬಾಗಲಿಗೆ ಬಂದ ಹೆಣ್ಣಮಗಳನ್ನ ಬರೀ ಉಡಿಲೆ ಕಳಿಸಿದ್ರ ಗಂಗವ್ವ ಮೆಚ್ಚತಾಳೇನು?"

ಕಪ್ಪೆಗೆ ಸೆರಗಿಲ್ಲ. ಹೀಗಾಗಿ ಅದರ ಪರವಾಗಿ ಸುವರ್ಣಾ ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಬಾಳೆಹಣ್ಣು ಹಾಕಿ ಮಡಿಲು ತುಂಬಿದರು. ಒಂದು ಕುಪ್ಪಸದ ಖಣವನ್ನು ಜಾರಿನ ಕೊರಳಿಗೆ ಕಟ್ಟಿದರು. ಹೆಂಗಸರು ಹಾಡಿದರು. ನಾನು ಮೋಟಾರ್ ಸೈಕಲ್ ಹತ್ತಿದೆ. ಹಿಂದೆ ಸುವರ್ಣಾ ಜಾರನ್ನು ಅಪ್ಪಿ ಹಿಡಿದು, ಮುಚ್ಚಳ ತೆಗೆದು, ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ನೀರು ಚೆಲ್ಲುತ್ತ ಬಂದಳು. ಅಷ್ಟು ಹಿತವಾದ ನೀರು ನನ್ನ ಮೈಮೇಲೆ ಎಂದೂ ಬಿದ್ದಿರಲಿಲ್ಲ. ಟಿಡಿಎಸ್ ನೋಡಲಿಲ್ಲ.

ಅಶ್ವಿನಿ ಬಾಗಿಲಲ್ಲಿ ನಿಂತಿದ್ದಳು. ಮಾಲೆ, ಬಳೆ, ಖಣ, ಕುಂಕುಮದ ಜಾರು ಅಂಗಳಕ್ಕೆ ಇಳಿದದ್ದನ್ನು ನೋಡಿದಳು. ತೊಯ್ದ ಅಪ್ಪನನ್ನು ನೋಡಿದಳು. ಉಡಿ ತುಂಬಿದ ಅವ್ವನನ್ನು ನೋಡಿದಳು.

"ಅಪ್ಪಾ, ಏನಿದು?"

"ಮೋತಿ ಬೀಗರ ಮನಿಗೆ ಹೋಗಿ ಬಂತು," ಎಂದೆ.

ಸುವರ್ಣಾ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡದೆ, ಸ್ವಲ್ಪ ಸೇರಿಸಿ. ಅಶ್ವಿನಿ ಮಾತಾಡದೆ ಜಾರನ್ನು ಓರೆ ಮಾಡಿ, ಮೋತಿಯನ್ನು ಬೊಗಸೆಗೆ ಇಳಿಸಿಕೊಂಡು, ತೊಟ್ಟಿಗೆ ತುಂಬಿದ ಹೌದದ ನೀರಿಗೆ ಬಿಟ್ಟಳು. ಅದು ತಳಕ್ಕೆ ಹೋಗಿ ಕುಳಿತಿತು. ಮೂವರೂ ಉಸಿರು ಹಿಡಿದು ಬಗ್ಗಿದೆವು. ಅವಳು ಒಂದು ಎರೆಹುಳ ಬಿಟ್ಟಳು. ಮೋತಿ ಎರಡೂ ಕೈಯಿಂದ ಹಿಡಿದು ಬಾಯಿಗೆ ತುರುಕಿಕೊಂಡಿತು.

"ಬದುಕೈತಿ," ಎಂದಳು ಮಗಳು. ಆಮೇಲೆ ನನ್ನ ತೊಯ್ದ ಬೆನ್ನಿನ ಮೇಲೆ ಒಂದು ಗುದ್ದು ಹಾಕಿದಳು. ಮಾತು ಬಿಡಲಿಲ್ಲ ಎಂದು ಅರ್ಥ.

ನೇಮಣ್ಣ ಮತ್ತೆ ಜಾರ್ ತರಿಸುತ್ತಾರೆ. ಬಟ್ಟೆಯನ್ನು ಮಾತ್ರ ಈಗ ನಾಲ್ಕು ಮಡಿಕೆ ಮಾಡಿದ್ದಾರೆ. ಸುತ್ತಿನ ಊರುಗಳಿಂದ ಆಗಾಗ ಫೋನ್ ಬರುತ್ತದೆ: "ಗಂಗವ್ವನ ಪೂಜಿ ಐತ್ರಿ, ಆ ಕಪ್ಪಿ ಇರೋ ಜಾರ್ ಸಿಗತೈತೇನ್ರಿ?" ಇಲ್ಲ ಎನ್ನುತ್ತೇನೆ. ಇನ್ನೊಂದು ಸುದ್ದಿ ಮಾತ್ರ ಅಲಖನೂರಕ್ಕೆ ಮುಟ್ಟಿಸಿಲ್ಲ. ತಿಂಗಳುಗಳು ಕಳೆದ ಮೇಲೆ ಮೋತಿ ನೀರಿನೊಳಗಿಂದ ಟಿಕ್ ಟಿಕ್ ಎಂದು ಕೂಗತೊಡಗಿತು. ಹಾಗೆ ಕೂಗುವುದು ಗಂಡು ಎಂದಳು ಅಶ್ವಿನಿ. ಉಡಿ ತುಂಬಿಸಿಕೊಂಡು ಬಂದ ಗಂಡಸು ಈ ಕೃಷ್ಣಾ ದಂಡೆಯಲ್ಲಿ ಇನ್ನೊಬ್ಬನಿರಲಾರ. ಆ ಪಾಠ ಯಾವ ತರಗತಿಯಲ್ಲಿತ್ತೋ, ನಾನು ಕೇಳಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನೀರಿನ ಪ್ಲಾಂಟ್ ಒಂದು. ಗಾಡಿ ಒಂದು. ಜಾರ್ ಮುನ್ನೂರ ಹನ್ನೊಂದು. ಅದರಲ್ಲಿ ಒಂದಕ್ಕೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟಿದ್ದೇನೆ. ಹೆಂಡತಿ ಒಬ್ಬಳು. ಮಾತಾಡುವ ಮಗಳು ಒಬ್ಬಳು. ಖಣ ಒಂದು. ಕಪ್ಪೆ ಒಂದು, ಜೀವಂತ.

ಬಾಲ ಇಲ್ಲ.